ಎಡಗಡೆಯ ಕೊಳವೆ

ಟೊಲೀಡೊದಲ್ಲಿ ಮಾರ್ಚ್ ಎಂದರೆ
ಬೀದಿಗೆ ಸುರಿದ ಉಪ್ಪು ಇನ್ನೂ ತೊಳೆದುಹೋಗದ ತಿಂಗಳು.
ಹಿಮ ಕರಗಿಸುವ ಉಪ್ಪೇ ಕಬ್ಬಿಣವನ್ನೂ ತಿನ್ನುತ್ತದೆ.
ನನ್ನ ಮಫ್ಲರ್ ಅಂಗಡಿ ನಡೆಯುವುದು
ಆ ಉಪ್ಪಿನ ಋಣದಲ್ಲಿ.

ಡೆಲ್ಫೀನ್ ಹಾರ್ಕ್‌ನೆಸ್ ಬಂದಳು,
ಟ್ರೇಲರಿನ ಮೇಲೆ ಎಪ್ಪತ್ತರ ಡಸ್ಟರ್ ಹೇರಿಕೊಂಡು.
ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಕೈ,
ಚಕ್ರವಿಲ್ಲದಾಗಲೂ ಅಗಲಕ್ಕೇ ನಿಲ್ಲುವ ಕೈ.
"ಇದು ನನ್ನದೇ. ಎಂಬತ್ತಮೂರರಲ್ಲಿ ಮಾರಿದ್ದೆ,
ಹೆರಿಗೆ ಆಸ್ಪತ್ರೆಯ ಬಿಲ್ಲಿಗೆ. ಹುಡುಕಿ ತಂದೆ.
ಬಣ್ಣ ಹೇಗಿದ್ದರೂ ಸರಿ.
ದನಿ ಮಾತ್ರ ಅದೇ ಬೇಕು."

ಅದೇ ಎಂದರೆ ಯಾವುದು?
ಗಿರಾಕಿಗಳು ಬಾಯಲ್ಲೇ ಮಾಡಿ ತೋರಿಸುತ್ತಾರೆ,
ಗಡ್ಡ ನೆರೆತವರೂ ತುಟಿ ಉಬ್ಬಿಸಿ ಬ್ರೂಂ ಎನ್ನುತ್ತಾರೆ.
ಇವಳು ಕಣ್ಣು ಮುಚ್ಚಿದಳು, ಅಷ್ಟೆ.

ಬೆಂಚಿನ ಮೇಲೆ ಮೂರನ್ನಿಟ್ಟೆ.
ಗ್ಲಾಸ್‌ಪ್ಯಾಕ್: ನೆಟ್ಟಗಿನ ಜಾಲರಿ ಕೊಳವೆ, ಸುತ್ತ ಗಾಜಿನ ನಾರು,
ಕಾಲು ತೆಗೆದರೆ ಬಾಣಲೆಯ ಜೋಳದಂತೆ ಚಟಪಟ,
ನಾರು ಸುಟ್ಟುಹೋದ ಮೇಲೆ ಬರೀ ಅರಚಾಟ.
ಚೇಂಬರಿನದು: ಒಳಗೆ ಗೋಡೆ, ಗೋಡೆಗೆ ಬಡಿದು ತಿರುಗಿದ ಅಲೆ
ಎದುರು ಬಂದ ಅಲೆಯನ್ನು ನುಂಗಿ
ಉಳಿದದ್ದು ಎದೆಗೂಡಿನ ಗುಡುಗು.
ಟರ್ಬೊ: ಹಾವಿನ ಹಾಗೆ ಮಡಿಸಿದ ದಾರಿ,
ಚರ್ಚಿನ ಮುಂದೆ ಗುರುಗುಟ್ಟಿದರೂ
ಪಾದ್ರಿ ತಿರುಗಿ ನೋಡುವುದಿಲ್ಲ.

ಕೊಳವೆ ಎರಡೂವರೆ ಇಂಚು ಸಾಕು, ಎಂದೆ.
ಮೂರು ಹಾಕಿಸಿಕೊಂಡವರು ಸಿಗ್ನಲ್ಲಿನಲ್ಲಿ ಗುಟುರು ಹಾಕುತ್ತಾರೆ,
ಹಸಿರು ಬಿದ್ದಾಗ ಹಿಂದೆ ಉಳಿಯುತ್ತಾರೆ.
ಎಡ ಬಲ ಕೂಡಿಸಲು ಎಕ್ಸ್ ಇಟ್ಟರೆ ದನಿ ನಯ,
ಎಚ್ ಇಟ್ಟರೆ ಹಳೆಯ ಒರಟು ಕಂಠ.
"ಎಚ್," ಎಂದಳು, ಕಣ್ಣು ತೆರೆಯದೆ.

ಮೂರು ದಿನ, ಮೂರು ಜೋಡಿ.
ಬೆಸುಗೆ ಹಾಕದೆ ಕ್ಲ್ಯಾಂಪಿನಲ್ಲೇ ಬಿಗಿದು
ಮೌಮೀ ನದಿಯ ಸೇತುವೆಯವರೆಗೆ ಹೋಗಿ ಬರುವುದು.
ಮೊದಲನೆಯದಕ್ಕೆ, "ಇದು ಯಾರೋ ಹುಡುಗನದು."
ಟರ್ಬೊಗೆ ನಕ್ಕಳು, "ನನ್ನ ಬಸ್ಸೇ ವಾಸಿ."
ಚೇಂಬರಿಗೆ ತುಂಬ ಹೊತ್ತು ಸುಮ್ಮನಿದ್ದು,
"ಹತ್ತಿರ. ದಾಯಾದಿಯಷ್ಟು ಹತ್ತಿರ."

ಆಮೇಲೆ ಲಿಫ್ಟಿನ ಕೆಳಗೆ ತಾನೇ ಬಂದು ನಿಂತಳು.
ಎಡಗಡೆಯ ಕೊಳವೆ, ಹಿಂದಿನ ಅಚ್ಚಿಗಿಂತ ಒಂದು ಗೇಣು ಮುಂದೆ,
ಬೆರಳಿಟ್ಟಳು. "ಇಲ್ಲಿ.
ಇಲ್ಲೊಂದು ತೂತಿತ್ತು. ನಮ್ಮಪ್ಪ
ಬೇಯಿಸಿದ ಬೀನ್ಸ್ ಕಾಳಿನ ಡಬ್ಬಿ ಸೀಳಿ, ಸುತ್ತಿ,
ಎರಡು ಕ್ಲ್ಯಾಂಪು ಹಾಕಿದ್ದ.
ನಲವತ್ತೈದು ಮೈಲಿಗೆ ಅದು ಹಲ್ಲು ಕಡಿಯುತ್ತಿತ್ತು."

ನಲವತ್ತು ವರ್ಷ ತೂತು ಮುಚ್ಚಿ ಅನ್ನ ತಿಂದವನು ನಾನು.
ತೂತಿಗೆ ಎಷ್ಟೆಂದು ಬೆಲೆ ಹೇಳಲಿ?
ಹೊಸ ಸ್ಟೀಲಿಗೆ ಡ್ರಿಲ್ ಹಿಡಿಯಲು ಕೈ ಬರಲಿಲ್ಲ.
ಎದುರಂಗಡಿಯಿಂದ ಡಬ್ಬಿ ತಂದೆ,
ತಣ್ಣಗಿರುವಂತೆಯೇ ಇಬ್ಬರೂ ತಿಂದೆವು, ಒಂದೇ ಚಮಚ,
ಮೊದಲು ಅವಳು, ಆಮೇಲೆ ನಾನು.
ಲೇಬಲ್ಲು ಕೆರೆದು, ತಗಡು ಸೀಳಿ,
ತೂತೇ ಇಲ್ಲದ ಕೊಳವೆಗೆ ತೇಪೆ ಹಾಕಿದೆ.
ಒಂದು ಕ್ಲ್ಯಾಂಪು ಬಿಗಿ, ಇನ್ನೊಂದು ಅರ್ಧ ಸುತ್ತು ಸಡಿಲ.
ಆ ಅರ್ಧ ಸುತ್ತಿಗೆ ಒಂದು ಗಂಟೆ ಹಿಡಿಯಿತು.

ಬಿಲ್ಲು: ಚೇಂಬರ್ ಮಫ್ಲರ್ ಎರಡು,
ಎಚ್ ಕೊಳವೆ ಒಂದು, ಹ್ಯಾಂಗರ್ ನಾಲ್ಕು, ಕೂಲಿ.
ಡಬ್ಬಿಯನ್ನು ಬರೆಯಲಿಲ್ಲ.

ನಮ್ಮ ಬೀದಿಯ ಮಿತಿ ಮೂವತ್ತೈದು. ಅವಳು ಮೀರಿದಳು.
ಶಟರಿನ ಕೆಳಗೆ ನಿಂತು ಗೇರು ಎಣಿಸಿದೆ, ಎರಡು, ಮೂರು.
ಟೈರ್ ಅಂಗಡಿ ದಾಟುವಾಗ ಕೇಳಿಸಿತು,
ಗುಡುಗಿನ ಅಡಿಯಲ್ಲಿ ತಗಡಿನ ಸಣ್ಣ ನಡುಕ.
ಬ್ರೇಕಿನ ದೀಪ ಒಮ್ಮೆ ಹೊತ್ತಿತು, ಆರಿತು.
ಗಾಡಿ ನಿಲ್ಲಲಿಲ್ಲ.

ಗುರುವಾರ ಫೋನು.
"ಅರವತ್ತು ದಾಟಿದರೆ ಒಳಗೆಲ್ಲ ಹೂಂಗುಟ್ಟುತ್ತೆ, ಝಿಗ್ಮುಂಟ್,
ತಲೆ ಸಿಡಿಯುತ್ತೆ. ಏನಾದರೂ ಮಾಡು."
ತನ್ನಿ, ನೋಡೋಣ, ಎಂದೆ.
"ಡಬ್ಬಿ ಮುಟ್ಟಬೇಡ," ಎಂದಳು.