ಎಲ್ಲಿ ಸಿಕ್ಕಿದ್ದು

ಆ ತಿಜೋರಿಯನ್ನು ಅವನಿಗೆ ಮಾರಿದವಳು ನಾನು.
ಮಾರ್ಚಿ ತಿಂಗಳು, ಮಂಗಳವಾರ, ನಲವತ್ತು ಪೌಂಡು.
ವಿಗನ್ನಿನ ಕಾಲುವೆ ಬದಿಯ ನಮ್ಮ ಗುಜರಿ ಅಂಗಳದಲ್ಲಿ
ಹಳೆ ಬಾಯ್ಲರುಗಳ ಹಿಂದೆ ಬಿದ್ದಿತ್ತು, ಬೀಗದ ಕೈಯಿಲ್ಲದೆ,
ಯಾವುದೋ ಮುಚ್ಚಿಹೋದ ಬಟ್ಟೆ ಅಂಗಡಿಯದು.
ಎಡಮೂಲೆಗೆ ಫೋರ್ಕ್‌ಲಿಫ್ಟ್ ತಗುಲಿ ಒಂದು ನಗ್ಗು.
ಅದನ್ನು ಮಾಡಿದವಳೂ ನಾನೇ.

"ತೋಟಕ್ಕೆ," ಅಂದ ಡಾರೆನ್ ರಿಗ್ಬಿ, "ಹೂಕುಂಡ ಇಡೋಕೆ."
ಇರಲಿ, ಅಂದೆ. ಜನ ಏನೇನರಲ್ಲೋ ಹೂ ಬೆಳೆಸುತ್ತಾರೆ:
ಬಚ್ಚಲ ತೊಟ್ಟಿ, ಬೂಟು, ಒಮ್ಮೆ ಒಬ್ಬಳು
ತೀರಿಹೋದ ಅಪ್ಪನ ಹೆಲ್ಮೆಟ್ಟಿನಲ್ಲಿ.

ಮೂರು ವಾರ ಕಳೆದು ಮೊಮ್ಮಗ ಫೋನು ತಂದು ಮೂಗಿಗೆ ಹಿಡಿದ.
'ಕೆಸರು-ಕಾಂತ', ಡಾರೆನ್ನನ ಚಾನೆಲ್ಲು.
ಹಗ್ಗದ ತುದಿಗೆ ಆಯಸ್ಕಾಂತ, ನೀರಿಗೆ ಎಸೆತ,
ಭಾವಮೈದ ಶಾನ್ ಕೈಯಲ್ಲಿ ಕ್ಯಾಮೆರಾ.
ತಿಜೋರಿ ಮೇಲೆ ಬಂತು
ಕೊರಳಿಗೆ ಪಾಚಿಯ ಹಾರ ಹಾಕಿಕೊಂಡು, ಮದುಮಗನ ಹಾಗೆ.
ಡಾರೆನ್ ಕಿರುಚಿದ, ಮೊಣಕಾಲೂರಿದ.
ಒಳಗೆ ಹಳೇ ನೋಟು, ಉಂಗುರ, ಒಂದು ಪತ್ರ,
"ಪ್ರೀತಿಯ ಐವಿ" ಅನ್ನುವುದಷ್ಟೇ ಓದಲು ಬರುವಂತೆ
ಹದವಾಗಿ ಒದ್ದೆ.

ಹನ್ನೊಂದು ಲಕ್ಷ ಜನ ನೋಡಿ ಅತ್ತರು.
ನಾನು ಎಡಮೂಲೆ ನೋಡಿದೆ.

ಬಾಯಿ ಬಿಡಲಿಲ್ಲ. ಅವನ ಅಮ್ಮನೂ ನಾನೂ
ಬೀನ್ಸ್ ಡಬ್ಬಿಯ ಕಾರ್ಖಾನೆಯಲ್ಲಿ ಒಂದೇ ಪಾಳಿ.
ಅವನ ಗೋದಾಮಿನ ಕೆಲಸ ಹೋಗಿ ಎರಡು ವರ್ಷ.
ಮತ್ತೆ, ಹೇಳಬಾರದು, ಆ ಐವಿ ಯಾರೆಂದು
ನನಗೂ ತಿಳಿಯಬೇಕಿತ್ತು.

ಹಿಡಿದವಳು ಆಥರ್ಟನ್ನಿನ ಹದಿನಾಲ್ಕರ ಹುಡುಗಿ,
ಹಲ್ಲಿಗೆ ತಂತಿ ಕಟ್ಟಿಸಿಕೊಂಡವಳು.
ಮಂಚದ ಮೇಲೆ ಕೂತು ನಿಧಾನಕ್ಕೆ ಹೇಳಿದಳು:
"ಇದು ನೀರಿನ ತುಕ್ಕಲ್ಲ, ಮಳೆಯ ತುಕ್ಕು.
ಮೇಲಿಂದ ಕೆಳಗೆ ಇಳಿದಿದೆ ನೋಡಿ.
ಪಾಚಿ ಹೊರಗಿದೆ, ಸಂದಿಯಲ್ಲಿಲ್ಲ."
ಇಪ್ಪತ್ತಾರು ವರ್ಷ ಗುಜರಿ ತೂಗಿದ ನಾನು
ಅಡುಗೆಮನೆಯಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ.

ಆಮೇಲೆ ಗೊತ್ತಲ್ಲ. ಅವಳ ವಿಡಿಯೋದ ಬಗ್ಗೆ ವಿಡಿಯೋ,
ಅದರ ಬಗ್ಗೆ ಇನ್ನೊಂದು. ಲೀಡ್ಸಿನ ಒಬ್ಬ ಮೀಸೆಯವನು
ಎರಡೂವರೆ ಗಂಟೆ ಕೂತು ಡಾರೆನ್ನನ ಹಳೆಯ ಸೈಕಲ್ಲು,
ಬಂದೂಕು, ಹೊಲಿಗೆ ಯಂತ್ರ ಒಂದೊಂದನ್ನೇ ನಿಲ್ಲಿಸಿ, ಹಿಗ್ಗಿಸಿ,
ಕಂಬಳಿಯಲ್ಲಿ ಕೂದಲು ಹೆಕ್ಕಿದ.
ಯಾರೋ ಡಾರೆನ್ನನ ಬಾಗಿಲಿಗೆ ಕೆಸರು ಬಳಿದರು,
ಬಳಿದದ್ದನ್ನೂ ಚಿತ್ರಿಸಿದರು.
ಹುಡುಗಿಯ ಹಲ್ಲನ್ನೂ ಬಿಡಲಿಲ್ಲ.

ಕ್ಷಮೆಯ ವಿಡಿಯೋ ಬಂತು. ಬೂದು ಸ್ವೆಟರು, ಬಿಳಿ ಗೋಡೆ,
ಮೊದಲಿಗೆ ಒಂದು ನಿಟ್ಟುಸಿರು.
ಆ ಉಸಿರಿಗೆ ಆರು ಟೇಕು ಬೇಕಾಯಿತಂತೆ,
ಪಬ್ಬಿನಲ್ಲಿ ಶಾನ್ ಹೇಳಿದ್ದು.
ಅಳು ಮಾತ್ರ ಒಂದೇ ಟೇಕಿಗೆ ಬಂತು.
ಅದನ್ನು ಕತ್ತರಿಸಿ ತೆಗೆದರಂತೆ, ನಾಟಕ ಅಂದಾರೆಂದು.

ನವೆಂಬರಿನ ಒಂದು ಸಂಜೆ, ಗೇಟು ಹಾಕುವ ಹೊತ್ತು,
ಡಾರೆನ್ ಬಂದ, ಒಬ್ಬನೇ, ಮೊಣಕೈವರೆಗೆ ಕರಿ ಕೆಸರು.
ಕೈಬಂಡಿಯಲ್ಲಿ ಸರಪಳಿ, ಅಂಗಡಿ ತಳ್ಳುಗಾಡಿಯ ಅರ್ಧ,
ಮತ್ತೊಂದು ಪುಟ್ಟ ಪೆಟ್ಟಿಗೆ. ಬೀಗಕ್ಕೆ ಚಿಪ್ಪು ಕಚ್ಚಿಕೊಂಡಿತ್ತು.
ಸಂದಿಗೆ ಬೆರಳಿಟ್ಟು ನೋಡಿದೆ. ನೀರಿನದೇ ತುಕ್ಕು.

"ತೆಗೆದು ನೋಡಿದೆಯೇನೋ?"
"ತೆಗೆದರೆ ಕಿರುಚಿಬಿಡ್ತೀನಿ, ಮೊರೀನ್. ಅಭ್ಯಾಸ."

ಒಟ್ಟು ಹದಿನೆಂಟು ಕಿಲೋ. ಮೂರು ಪೌಂಡು ಚಿಲ್ಲರೆ.
ನಗದು ಕೊಡುವಂತಿಲ್ಲ, ಕಾನೂನು;
ಹೆಸರು, ವಿಳಾಸ ಗೊತ್ತಿದ್ದೂ ಕೇಳಿದೆ.
ಚೀಟಿಯ ಕೊನೆಗೊಂದು ಕಾಲಮ್ಮು: ಎಲ್ಲಿ ಸಿಕ್ಕಿದ್ದು.
ಪೆನ್ನು ಹಿಡಿದು ಕಾದೆ.
"ಕಾಲುವೆಯಲ್ಲಿ," ಅಂದ, ನೆಲ ನೋಡುತ್ತ.
ಕಾಲುವೆಯಲ್ಲಿ, ಅಂತ ಬರೆದೆ.

ಪೆಟ್ಟಿಗೆ ಇನ್ನೂ ಇದೆ, ಬಾಯ್ಲರುಗಳ ಹಿಂದೆ.
ಟಾರ್ಪಾಲು ಹೊದಿಸಿದ್ದೇನೆ,
ಮಳೆಯ ತುಕ್ಕು ಹಿಡಿಯದ ಹಾಗೆ.