ಚೆಕ್‌ಪೋಸ್ಟ್

ಸಂಡೂರು ರಸ್ತೆಯ ಗೇಟಿನಲ್ಲಿ
ಹತ್ತೊಂಬತ್ತು ವರ್ಷ ಕೆಂಧೂಳಿಗೆ ಸೀನಿದೆ.
ಜಾಲಿ ಹೂಬಿಟ್ಟರೆ ಮೈತುಂಬ ಪಿತ್ತಗಂಧೆ.
‘ಮೌಲಾಲಿ ಮೂಗು ಇಲಾಖೆಗಿಂತ ಚುರುಕು’
ನಗುತ್ತಿದ್ದ ಡ್ರೈವರ್ ಹೊನ್ನೂರಪ್ಪ.

ಸೊಪ್ಪಿನ ಗಾಡಿ ತಡೆದೆ, ಮದುವೆ ಟೆಂಪೋ ತಡೆದೆ,
ಒಂದು ಸಲ ಹೆಣದ ವ್ಯಾನನ್ನೂ.
ಸೀಲು ಸರಿಯಿದ್ದ ಅದಿರಿನ ಲಾರಿಗೆ ಮಾತ್ರ
ಕೂತಲ್ಲಿಂದಲೇ ಅಡ್ಡಗೋಲು ಎತ್ತಿದೆ.
ಗುಡ್ಡ ಹೋದದ್ದು ಅದರಲ್ಲೇ.

ಈಗ ಬಳ್ಳಾರಿ ದೊಡ್ಡಾಸ್ಪತ್ರೆ.
ಕತ್ತಿನ ಗಂಟಿಗೆ ಸೂಜಿ ಚುಚ್ಚಿದ ಡಾಕ್ಟರಮ್ಮನನ್ನು ಕೇಳಿದೆ:
ಹೂವಿನ ಪುಡಿಗೂ ರಂಪ ಮಾಡುವ ಮೈ
ಇದನ್ನು ಹೇಗೆ ಒಳಗೆ ಬಿಟ್ಟಿತು, ತಾಯಿ?

‘ಒಳಗೆ ಬಂದದ್ದಲ್ಲ, ಮೌಲಾಲಿ. ಇಲ್ಲೇ ಹುಟ್ಟಿದ್ದು.
ನಿಮ್ಮದೇ ಜೀವಕೋಶ, ನಿಮ್ಮದೇ ಗುರುತು.’

ಅಂದರೆ
ಸೀಲು ಸರಿಯಿತ್ತು.

ಕಾವಲನ್ನು ಎಬ್ಬಿಸುವ ಮದ್ದೂ ಬಂದಿದೆಯಂತೆ;
ದರ ಕೇಳಿ ಸುಮ್ಮನಾದೆ.
ಎದ್ದು ವಾರ್ಡಿನ ಕಿಟಕಿ ತೆರೆದೆ.
ಧೂಳು ಬಂತು, ಪಾಪದ್ದು.
ಸೀನಿದೆ.