ನಾನೂರು ಕಾಳು

ಎಣಿಸಿ, ನಾನೂರು. ನೂರರಂತೆ ನಾಲ್ಕು ಸಲ.
ಹೆಣ್ಣು ನೋಡಲು ಬಂದವರ ಹಾಗೆ
ತಿರುಗಿಸಿ ಮುರುಗಿಸಿ ಆರಿಸಬಾರದು,
ಕೈಗೆ ಸಿಕ್ಕಿದ್ದು ಸಿಕ್ಕ ಹಾಗೇ, ಅಂದರು ಮೇಡಂ.

ವಿ.ಸಿ. ಫಾರಂ ಗೇಟಿನಲ್ಲಿ ಇಳಿದವರು ಹದಿನಾಲ್ಕು ಜನ.
ಇಪ್ಪತ್ತೊಂದು ದಿನದ ತರಬೇತಿ, ಮಧ್ಯಾಹ್ನ ಮುದ್ದೆ, ಕೊನೆಗೊಂದು ಸರ್ಟಿಫಿಕೇಟು.
ಡಿಪ್ಲೊಮಾ ಅರ್ಧಕ್ಕೆ ಬಿಟ್ಟ ಹುಡುಗರು,
ಬೀಜದ ಕಂಪನಿಯಲ್ಲಿ ಕೆಲಸ ಖಾಲಿಯಿದೆಯೆಂದು ಕೇಳಿ
ಹೊಲಿಗೆ ಮೆಷೀನಿಗೆ ಬಟ್ಟೆ ಹೊದೆಸಿ ಬಂದ ನಾನು,
ಪಕ್ಕದ ಸ್ಟೂಲಿನಲ್ಲಿ ಮಂಡಿ ಒತ್ತಿಕೊಳ್ಳುತ್ತ
ಬಸರಾಳಿನ ಬೋರಪ್ಪನವರು.
ಮೂವತ್ತೆರಡು ವರ್ಷ ಬೀಜ ಗೊಬ್ಬರ ಮಾರಿದವರು,
ಈಗ ಲೈಸೆನ್ಸಿಗೆ ಓದಿದ ಕಾಗದ ಬೇಕಂತೆ.
‘ಮೊಮ್ಮಗನ ಜ್ಯಾಮಿಟ್ರಿ ಬಾಕ್ಸ್ ತಂದಿವ್ನಿ ಕಣವ್ವ,
ಏನಕ್ಕೂ ಇರ್ಲಿ ಅಂತ.’

ನನಗೆ ಅವರ ಗುರುತು ಹತ್ತಿತು. ಅವರಿಗೆ ನನ್ನದು ಹತ್ತಲಿಲ್ಲ.

ಅವರಂಗಡಿಯ ಹೆಸರುಕಾಳು ಬಿತ್ತಿದ ವರ್ಷ
ಸಾಲಿನ ನಡುವೆ ಬೋಳು ಬೋಳು.
ಅಪ್ಪ ಕೇಳಲು ಹೋದಾಗ ನಾನೂ ಜೊತೆಗಿದ್ದೆ.
‘ಬೀಜ ಸರ್ಯಾಗೈತೆ, ನಿನ್ ಕೈಗುಣ ನೋಡ್ಕೊ’
ಅಂದವರು ನನ್ನ ಅಂಗೈಗೊಂದು ಪೆಪ್ಪರಮೆಂಟು ಇಟ್ಟಿದ್ದರು.
ತಿಂದೆ. ಸಿಹಿಯಾಗಿತ್ತು, ಸುಳ್ಳೇಕೆ ಹೇಳಲಿ.
ಆಮೇಲೆ ಯಾವ ವರ್ಷವೂ ಅಪ್ಪ
ಮೊದಲ ಹಿಡಿ ತಾನು ಬಿತ್ತಲಿಲ್ಲ.
ಬದುವಿನ ಮೇಲೆ ನಿಂತು ಚಿಕ್ಕಪ್ಪನನ್ನು ಕೂಗುತ್ತಿದ್ದ.

ಒದ್ದೆ ಕಾಗದದ ಮೇಲೆ ಹತ್ತು ಹತ್ತರ ಸಾಲು,
ಚಾಪೆಯಂತೆ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ
ಕಪಾಟಿನಲ್ಲಿ ನಿಲ್ಲಿಸಬೇಕು, ಇಪ್ಪತ್ತೈದು ಡಿಗ್ರಿ, ಏಳು ದಿನ.
ಬಿಚ್ಚಿದರೆ ಮಣ್ಣಿಲ್ಲದ ಮೊಳಕೆಯ ವಾಸನೆ,
ಕಿಟಕಿಯಾಚೆ ಸಕ್ಕರೆ ಫ್ಯಾಕ್ಟರಿಯದು.
ಸರಿ ಮೊಳಕೆ, ಊನ ಮೊಳಕೆ, ಗಟ್ಟಿ ಕಾಳು, ಸತ್ತ ಕಾಳು.
ಗಟ್ಟಿ ಅಂದರೆ ನೀರು ಕುಡಿಯದೆ ಹಾಗೇ ಕೂತದ್ದು,
ಸತ್ತಿಲ್ಲ, ಇನ್ನೂ ಮನಸ್ಸು ಮಾಡಿಲ್ಲ ಅಷ್ಟೆ.
ಅದನ್ನೂ ಲೆಕ್ಕಕ್ಕೆ ಸೇರಿಸಿ ಅನ್ನುತ್ತದೆ ನಿಯಮ.
ಈ ಮಾತು ಬರೆದುಕೊಳ್ಳುವಾಗ
ನನ್ನ ಪೆನ್ನು ತುಸು ಒತ್ತಿ ಬರೆಯಿತು.

ಎರಡನೇ ವಾರ ಬೋರಪ್ಪನವರು
ಶರ್ಟಿನ ಜೇಬಿಂದ ಒಂದು ಪೊಟ್ಟಣ ತೆಗೆದರು.
‘ಮೇಡಂಗೆ ಯೋಳ್ಬ್ಯಾಡ. ನಮ್ಮಂಗ್ಡೀದು. ಸುಮ್ನೆ ನೋಡವ.’
ನಾನು ಎಣಿಸಿದೆ, ಅವರು ಸುತ್ತಿದರು.
ಏಳನೇ ದಿನ ಇಬ್ಬರೂ ಬಗ್ಗಿ ಕೂತೆವು.
ಅರವತ್ತೊಂದು. ಐವತ್ತೆಂಟು. ಅರವತ್ನಾಲ್ಕು. ಮತ್ತೆ ಅರವತ್ತೊಂದು,
ಗಟ್ಟಿಯವನ್ನೂ ಸೇರಿಸಿ.
ಚಿಮಟದಲ್ಲಿ ಒತ್ತಿದರೆ ಉಳಿದವು ಪಿಚಕ್ಕನೆ ಒಡೆದವು.
‘ಎಷ್ಟಿರ್ಬೇಕು?’
ಎಪ್ಪತ್ತೈದು, ಅಂದೆ.
ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ.
‘ಬರಿಯವ್ವ, ಇದ್ದದ್ದು ಬರಿ. ಮೂಟೆ ವಾಪಸ್ ಕಳಿಸ್ತೀನಿ.’
ಆಮೇಲೆ ಕೇಳಿದರು, ‘ನಿಮ್ದ್ಯಾವೂರು?’

ಊರು ಹೇಳಿದೆ. ಅಪ್ಪನ ಹೆಸರನ್ನೂ ಹೇಳಿದೆ.
ನೆನಪಾಯಿತೋ ಇಲ್ಲವೋ.
ಜೇಬಿಗೆ ಕೈ ಹಾಕಿ ಏನೋ ಹುಡುಕಿದರು,
ಖಾಲಿ ಪೊಟ್ಟಣ ಸಿಕ್ಕಿತು.

ಆ ಶನಿವಾರ ಮೇಡಂ ಹತ್ತಿರ ಒಂದು ಹಾಳೆ ಬೇಡಿಕೊಂಡು ಒಯ್ದೆ.
ಜಗಲಿಯ ಮೇಲೆ ಹಾಸಿ, ನೀರು ಚಿಮುಕಿಸಿ,
ನೂರು ಕಾಳು ಇಡಪ್ಪ, ಅಂದೆ.
‘ನಾನಾ?’ ಅಂದ,
ಚಿಕ್ಕಪ್ಪನ ಮನೆಯ ಕಡೆ ಒಮ್ಮೆ ನೋಡಿದ.
ಮತ್ತೆ ಪಂಚೆಗೆ ಕೈ ಒರೆಸಿಕೊಂಡು ಕೂತ.
ಬೆರಳು ನಡುಗುತ್ತಿತ್ತು. ಎಂಟನೇ ಸಾಲಿನಲ್ಲಿ ಲೆಕ್ಕ ತಪ್ಪಿತು.
ಎಲ್ಲ ಬಳಿದು ಅಂಗೈಗೆ ಹಾಕಿಕೊಂಡು
ಒಂದು, ಅಂದ.